ಹಾಲ್‌ಗೊಂದು ದಾರಿ, ಎಕ್ಸ್‌ರೇಗೊಂದು ದಾರಿ

ಮಾರ್ಚ್ 3, ಸೋಮವಾರ

ಎಕ್ಸ್‌ರೇ ಚಿತ್ರಗಳು ಇವತ್ತು ಮತ್ತೆ ಮೇಲಿನ ಮಹಡಿಗೆ ಹೋಗಲಿಲ್ಲ. ಫೋನ್ ಮಾಡಿ ತಿಳಿಸಿದ್ದು ಅತ್ತಿಗೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗ ಅವರದ್ದು, ನೆಟ್‌ವರ್ಕ್ ನನ್ನದು. ಮನೆ ಇಬ್ಬರಿಗೂ ಒಂದೇ.

"ಏನಮ್ಮಾ ನಾದಿನಿ, ನಿನ್ನ ತಂತಿಗೆ ಇವತ್ತೂ ರಜಾನಾ? ಮಣಿಕಟ್ಟು ಮುರ್ಕೊಂಡೋರು ಇಲ್ಲಿ ಕೂತಿದಾರೆ, ಮೂಳೆ ಡಾಕ್ಟರು ಮೇಲೆ ಕೂಗಾಡ್ತಿದಾರೆ."

ಕಾರಣ ಸಿಕ್ಕಿತು. ಕಾಯುವ ಹಾಲ್‌ಗೆ ಟಿವಿ ಹಾಕಿದವನು ತನ್ನದೊಂದು ಪುಟ್ಟ ರೂಟರನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ ಹೋಗಿದ್ದ. ಇಡೀ ಆಸ್ಪತ್ರೆಗೆ ಇರುವುದು ಒಂದೇ ನೆಟ್‌ವರ್ಕ್. ಆ ರೂಟರ್ ಕೇಳಿದ ಕಂಪ್ಯೂಟರಿಗೆಲ್ಲ ತಪ್ಪು ನೆಟ್‌ವರ್ಕ್ ವಿಳಾಸ ಹಂಚುತ್ತ ಕೂತಿತ್ತು. ಕಿತ್ತೆ. ಚಿತ್ರ ಹೋಯಿತು. ಹೋದ ತಿಂಗಳು ಬೇರೆ ಯಾರದೋ ಪೆಟ್ಟಿಗೆ, ಇದೇ ಕಥೆ.

ಸಂಜೆ ಆಡಳಿತಾಧಿಕಾರಿ ನಮ್ಮಿಬ್ಬರನ್ನೂ ಕರೆಸಿದರು. ಬರುವ ಸೋಮವಾರದೊಳಗೆ ಸರಿಹೋಗದಿದ್ದರೆ ಎಕ್ಸ್‌ರೇ ವಿಭಾಗ ಮುಚ್ಚುವುದು, ರೋಗಿಗಳನ್ನು ಊರಾಚೆಯ ಸ್ಕ್ಯಾನ್ ಕೇಂದ್ರಕ್ಕೆ ಕಳಿಸುವುದು — ಆಡಳಿತ ಮಂಡಳಿಯ ತೀರ್ಮಾನ. ಮುರಿದ ಕಾಲು ಎಳೆದುಕೊಂಡು ಊರಾಚೆಗೆ... ಅತ್ತಿಗೆ ನನ್ನ ಕಡೆ ತಿರುಗಿದರು.

ದಾರಿ ಇದೆ ಎಂದೆ.

"ಗೋಡೆ ಒಡೀಬೇಕಾ?"

"ಬೇಡ ಸರ್. ತಂತಿಗಳೆಲ್ಲ ಬಂದು ಸೇರೋ ಸ್ವಿಚ್ ಪೆಟ್ಟಿಗೆ ಇದೆಯಲ್ಲ, ಅದೇ ಸಾಕು."

ಮಾರ್ಚ್ 4, ಮಂಗಳವಾರ

ಅಡುಗೆಮನೆಯಲ್ಲಿ ವಿವರಿಸಿದೆ. ಸ್ವಿಚ್ ಅದೇ, ತಂತಿ ಅದೇ. ಒಳಗೆ ಮಾತ್ರ ಬೇರೆ ಬೇರೆ ಗುಂಪು — ವಿಎಲ್ಯಾನ್. ಹಾಲ್‌ಗೆ ಒಂದು, ಆಫೀಸಿಗೆ ಒಂದು. ಎಕ್ಸ್‌ರೇ ಯಂತ್ರಕ್ಕೂ ಮೂಳೆ ಡಾಕ್ಟರ ಕಂಪ್ಯೂಟರಿಗೂ ಸೇರಿ ಒಂದು. ಒಂದರ ಗಲಾಟೆ ಇನ್ನೊಂದಕ್ಕೆ ಕೇಳಿಸುವುದಿಲ್ಲ.

"ಒಂದೇ ಸೂರಿನಡಿ ಮೂರು ಒಲೆ ಹೂಡ್ತೀಯ ಅನ್ನು," ಅಂದರು ಅತ್ತಿಗೆ. "ಲೋಕದಲ್ಲೆಲ್ಲ ಮನೆ ಒಡೆಯೋ ಕೆಟ್ಟ ಹೆಸರು ಅತ್ತಿಗೆಗೆ. ನಮ್ಮಲ್ಲಿ ನೋಡು, ನಾದಿನಿನೇ ಶುರು ಹಚ್ಕೊಂಡಿದಾಳೆ."

ಅಣ್ಣ ಈರುಳ್ಳಿ ಹೆಚ್ಚುತ್ತಿದ್ದ. "ನಾನು ಯಾರ ಪಾಲಿಗೆ? ಮೊದಲೇ ಹೇಳ್ಬಿಡಿ."

"ಯಾರಿಗೂ ಬೇಡ," ಅಂದರು ಅತ್ತಿಗೆ. " ಈರುಳ್ಳಿ ಹೆಚ್ಚು."

ಮಾರ್ಚ್ 6, ಗುರುವಾರ, ಮಧ್ಯಾಹ್ನ

ನನ್ನನ್ನು ನಾನೇ ಹೊರಗೆ ಹಾಕಿಕೊಂಡೆ.

ಕೆಳಮಹಡಿಯ ಸ್ವಿಚ್. ತಂತಿ ಸಿಕ್ಕಿಸುವ ಕಿಂಡಿಗಳನ್ನು, ಅಂದರೆ ಪೋರ್ಟ್‌ಗಳನ್ನು, ಸಾಲಾಗಿ ಹಾಲ್ ಗುಂಪಿಗೆ ಸೇರಿಸುತ್ತ ಹೋದೆ. ಆ ಭರದಲ್ಲಿ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿದ್ದ ಪೋರ್ಟೂ ಸೇರಿತು, ಎಕ್ಸ್‌ರೇ ಪೋರ್ಟೂ ಸೇರಿತು. ಸ್ಕ್ರೀನ್ ಗರ ಬಡಿದಂತೆ ನಿಂತಿತು. ಸ್ವಿಚ್ ಜೊತೆ ಮಾತಾಡಲು ದಾರಿಯೇ ಇಲ್ಲ. ನೇರ ಸಿಕ್ಕಿಸುವ ಕನ್ಸೋಲ್ ಕೇಬಲ್ ಮನೆಯಲ್ಲಿ, ಇನ್ನೊಂದು ಬ್ಯಾಗಿನಲ್ಲಿ. ಎಂಥ ಪೆದ್ದಿ!

ಒಂದೇ ಸಮಾಧಾನ — ಸೇವ್ ಮಾಡಿರಲಿಲ್ಲ. ಒಂದು ಚಿತ್ರವಾದರೂ ದಾಟುವ ತನಕ ಸೇವ್ ಮಾಡದಿರುವುದು ನನ್ನ ರೂಢಿ. ಸೇವ್ ಆಗದ್ದು ಕರೆಂಟ್ ಕಿತ್ತರೆ ಅಳಿಸಿಹೋಗುತ್ತದೆ, ಸ್ವಿಚ್ ಹಳೆಯ ಸ್ಥಿತಿಗೆ ಮರಳುತ್ತದೆ. ಆದರೆ ಅಷ್ಟು ಹೊತ್ತು ಕೆಳಮಹಡಿ ಪೂರ್ತಿ ಬಂದ್. ಅತ್ತಿಗೆಯನ್ನು ಕೇಳಲು ಹೋದೆ.

"ಸ್ವಲ್ಪ ಹೊತ್ತು ಎಲ್ಲ ನಿಲ್ಲಿಸ್ಬೇಕು ಅತ್ತಿಗೆ."

"ನಿಂತಿರೋದನ್ನ ಇನ್ನೇನು ನಿಲ್ಲಿಸ್ತೀಯ? ಹೋಗು, ಕೀಳು."

ಕಿತ್ತೆ, ಮತ್ತೆ ಸಿಕ್ಕಿಸಿದೆ. ಹಸಿರು ದೀಪಗಳು ಒಂದೊಂದಾಗಿ ಬಂದವು. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು ಕಾದೆ. ಒಳಗೆ ಎದೆ ಚಿತ್ರಕ್ಕೆ ಬಂದ ಒಬ್ಬರು. "ಉಸಿರು ಬಿಗಿ ಹಿಡೀರಿ," ಅಂದ ಅತ್ತಿಗೆ ನನ್ನ ಕಡೆ ತಿರುಗಿದರು. "ನೀನಲ್ಲ ಕಣೇ. ಅವರಿಗೆ ಹೇಳಿದ್ದು."

ಚಿತ್ರ ಹೋಯಿತು. ಆದರೆ ಹಳೆಯ ದಾರಿಯಲ್ಲೇ. ಕೆಲಸ ಮತ್ತೆ ಮೊದಲಿಂದ.

ಮಾರ್ಚ್ 7, ಶುಕ್ರವಾರ

ಕೇಬಲ್ ತಂದಿದ್ದೆ. ಪೋರ್ಟ್ ಒಂದೊಂದನ್ನೇ ಹೆಸರು ಓದಿ ಸೇರಿಸಿದೆ. ಗುಂಪುಗಳು ಬೇರೆಯಾದವು. ಆದರೆ ಚಿತ್ರ ಮೆಟ್ಟಿಲು ಹತ್ತಲಿಲ್ಲ.

ಈ ಎರಡು ಮಹಡಿಗಳ ಸ್ವಿಚ್ ನಡುವೆ ಒಂದೇ ತಂತಿ — ಟ್ರಂಕ್. ಎಲ್ಲ ಗುಂಪುಗಳನ್ನೂ ಅದೇ ಹೊರಬೇಕು. ಕೆಳಗಿನ ಸ್ವಿಚ್‌ಗೆ ಎಕ್ಸ್‌ರೇ ಗುಂಪನ್ನು ಕಳಿಸು ಎಂದಿದ್ದೆ. ಮೇಲಿನದಕ್ಕೆ ಒಳಗೆ ಬಿಟ್ಟುಕೋ ಎಂದಿರಲಿಲ್ಲ. ಮೇಲಿನ ಸ್ವಿಚ್‌ಗೆ ಆ ಒಂದು ಸಾಲಿನ ಆದೇಶ ಸೇರಿಸಿದೆ.

ಮೂಳೆ ಡಾಕ್ಟರ ಫೋನ್ ಬಂತು. ಅತ್ತಿಗೆ ಸ್ಪೀಕರ್ ಹಾಕಿದರು.

"ಯಾರದೋ ಮೊಣಕಾಲು ಬಂದಿದೆ. ನನ್ನ ಪೇಷೆಂಟ್ ಅಲ್ಲ."

"ನಂದೇ ಡಾಕ್ಟ್ರೇ, ಹೋದ ವರ್ಷದ್ದು. ಪರೀಕ್ಷೆಗೆ ಕಳಿಸಿದೆ. ಹೆಂಗಿದೆ?"

"ಸವೆದಿದೆ."

"ಬಂತಲ್ಲ, ಅಷ್ಟು ಸಾಕು!"

ಸೇವ್ ಮಾಡಿದೆ. ಎರಡೂ ಸ್ವಿಚ್‌ಗಳಲ್ಲಿ.

ಮಾರ್ಚ್ 10, ಸೋಮವಾರ, ಸಂಜೆ

ಎಕ್ಸ್‌ರೇ ವಿಭಾಗ ಉಳಿಯಿತು. ಆಡಳಿತಾಧಿಕಾರಿ ಎಲ್ಲರೆದುರೇ ಪ್ರಕಟಿಸಿದರು.

ಬೆಳಿಗ್ಗೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರೀಕ್ಷೆಗೆ ಅದೇ ಬೇಕಿತ್ತು. ಟಿವಿಯವನ ರೂಟರ್ ಹಿಡಿದುಕೊಂಡು ಹೋದೆ. ಆಡಳಿತಾಧಿಕಾರಿ ಗುರುತು ಹಿಡಿದರು.

"ಇದೇ ಅಲ್ವಾ ಎಲ್ಲ ಹಾಳು ಮಾಡಿದ್ದು? ಮತ್ತೆ ಯಾಕೆ ತಂದ್ರಿ?"

"ಸಿಕ್ಕಿಸೋಕೆ ಸರ್."

ಅದೇ ಸಾಕೆಟ್‌ಗೆ ಸಿಕ್ಕಿಸಿದೆ. ಹಾಲ್‌ನ ಟಿವಿ ಆರಿಸಿ ಮತ್ತೆ ಹಾಕಿದೆ. ತಪ್ಪು ವಿಳಾಸ ಹಿಡಿದು ಟಿವಿ ಕಪ್ಪಾಯಿತು. "ಅಯ್ಯೋ, ಮ್ಯಾಚು!" ಎಂದು ಹಿಂದಿನ ಸಾಲಿನಿಂದ ಬೊಬ್ಬೆ. ಆಡಳಿತಾಧಿಕಾರಿಯ ಮುಖವೂ ಕಪ್ಪಾಯಿತು. ಎಕ್ಸ್‌ರೇ ಕಂಪ್ಯೂಟರನ್ನೂ ಅವರ ಕಣ್ಣೆದುರೇ ಆರಿಸಿ ಮತ್ತೆ ಹಾಕಿದೆ. ಅದು ತನ್ನದೇ ವಿಳಾಸ ಹಿಡಿದು ಎದ್ದಿತು.

"ಕಳಿಸಿ ಅತ್ತಿಗೆ."

ಒಂದು ಭುಜ ಹೋಯಿತು. ಮಗುವಿನ ಮೊಣಕೈ. ಯಾರದೋ ಪಾದ. ಕ್ಲಿಕ್ ಮಾಡಿದ್ದೇ ತಡ, ಮೇಲೆ. ಅತ್ತಿಗೆಗೆ ಹುಮ್ಮಸ್ಸು ಹತ್ತಿ ಬೆಳಗಿನ ಹಳೆಯ ಚಿತ್ರಗಳನ್ನೂ ಸಾಲಾಗಿ ನೂಕಿದರು. ಮೂಳೆ ಡಾಕ್ಟರೇ ಇಳಿದು ಬಂದರು. "ಸಾಕಮ್ಮಾ ತಾಯಿ! ನೋಡೋಕಾದ್ರೂ ಬಿಡು!"

ಆಡಳಿತಾಧಿಕಾರಿ ಜೋರಾಗಿ ನಕ್ಕರು. ಈ ಕಟ್ಟಡದಲ್ಲಿ ಮೊದಲ ಸಲ. ಆಮೇಲೆ ಆ ಮಾತು ಹೇಳಿದರು — ಮುಚ್ಚುವುದಿಲ್ಲ.

ಅತ್ತಿಗೆ ನನ್ನ ತಲೆಗೊಂದು ಮೊಟಕಿ, ಬಾಗಿಲು ತೆಗೆದು ಹಾಲ್‌ಗೆಲ್ಲ ಕೇಳುವಂತೆ ಕೂಗಿದರು. "ಮುಂದಿನವರು ಬನ್ನಿ!"

ರೂಟರ್ ಕಿತ್ತೆ. ಟಿವಿ ಬಂತು. ಹಾಲ್ ಚಪ್ಪಾಳೆ ತಟ್ಟಿತು. ಮ್ಯಾಚಿಗೆ. ನಾನು ನನ್ನದೆಂದೇ ತೆಗೆದುಕೊಂಡೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಇನ್ನೂ ಕೈಹಾಕದ ಎರಡನೇ ಮಹಡಿಯ ಸ್ವಿಚ್. ಮೊದಲು ಹೆರಿಗೆ ವಾರ್ಡಿನ ಪೋರ್ಟ್‌ಗಳು.