ಲೋಡೆಸ್ ಎಂದರೆ

ಪೆನ್‌ರೋಸ್, ಮಾಂಟ್‌ಗೊಮರಿ
೧೯೧೩ ಮಾರ್ಚ್ ೧೦

ಮುದ್ದು ಮಗ ಇಥೆಲ್‌ಗೆ,

ಕೆಮ್ಮು ಇಳಿಯಿತೇ? ನಿನ್ನ ಕಾಲೇಜಿನ ಊರಿನ ಕಡಲಗಾಳಿ ನಿನ್ನ ಎದೆಗೆ ಆಗದು, ಕಳಿಸಿದ ಉಣ್ಣೆಯ ಬನಿಯನ್ ಹಾಕಿಕೊ. ಇಲ್ಲಿ ಕುರಿಗಳು ಮರಿ ಹಾಕತೊಡಗಿವೆ. ನಿಮ್ಮಪ್ಪ ದಿನವಿಡೀ ಹಟ್ಟಿಯಲ್ಲೇ.

ನಮ್ಮ ಕಡೆ ಹುಡುಗಿಯರನ್ನು ಮುದ್ದಿಗೆ ಕರೆಯುವ ‘ಲೋಡೆಸ್’ ಎಂಬ ಮಾತಿನ ಮೂಲ ಸಿಕ್ಕಿತೆಂದು ಚಳಿಗಾಲದಲ್ಲಿ ಬರೆದಿದ್ದೆಯಲ್ಲ, ಆ ಕಾಗದ ಬಂದ ದಿನ ಮನೆಯಲ್ಲಿ ನೆಂಟರಿದ್ದರು. ನಿನ್ನ ತಂಗಿ ಓಲ್ವೆನ್‌ಳ ಮದುವೆಯ ದಿನ ಗೊತ್ತುಮಾಡಲು ಗೊರೊನ್ವಿ ತನ್ನ ತಾಯಿಯನ್ನು ಕರೆತಂದಿದ್ದ. ಮಗನ ವಿದ್ಯೆ ಬೀಗರಿಗೂ ತಿಳಿಯಲೆಂದು ನಿಮ್ಮಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: ‘ಲೋಡೆಸ್’ ಎಂಬುದು ‘ಹೆರ್ಲೋಡೆಸ್’ ಎಂಬ ನಮ್ಮ ಹಳೆಯ ಮಾತಿನ ಬಾಲವಂತೆ, ಅದು ಇಂಗ್ಲಿಷರಿಂದ ಬಂದ ಪದವಂತೆ, ಅವರಲ್ಲಿ ಈಗ ಅದಕ್ಕೆ ಸೂಳೆ ಎಂದರ್ಥವಂತೆ. ಹಿಂದೆ ಬರೀ ಅಲೆಮಾರಿ ಹುಡುಗ ಎಂದಷ್ಟೇ ಇತ್ತು ಎಂದು ಮುಂದಿನ ಹಾಳೆಯಲ್ಲಿ ಬರೆದಿದ್ದೆ. ಅಲ್ಲಿಯವರೆಗೆ ಯಾರು ಕೇಳುತ್ತಾರೆ? ಬೀಗಿತ್ತಿ ಚಹಾದ ಬಟ್ಟಲು ಕೆಳಗಿಟ್ಟು, “ಅಯ್ಯೋ, ತೊಟ್ಟಿಲಲ್ಲೇ ಮಗಳಿಗೆ ಆ ಹೆಸರಿಟ್ಟುಬಿಟ್ಟಿದ್ದೀರಲ್ರೀ!” ಎಂದು ನಕ್ಕಳು. ನಿಮ್ಮಪ್ಪನೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಓಲ್ವೆನ್ ತಲೆಯೆತ್ತದೆ ರೊಟ್ಟಿಗೆ ಬೆಣ್ಣೆ ಸವರುತ್ತಲೇ ಇದ್ದಳು.

ಮರುವಾರ ಚಾಪೆಲ್‌ನಲ್ಲಿ ಹಾಡಿನ ಅಭ್ಯಾಸಕ್ಕೆ ಸೇರಿದಾಗ ಗೊರೊನ್ವಿ ಎಲ್ಲರೆದುರು, “ಏ ಲೋಡೆಸ್, ಇವತ್ತು ಯಾರ ಜೊತೆ?” ಎಂದನಂತೆ. ಇವಳು ಕೆನ್ನೆಗೆ ಬಾರಿಸಿದಳು. ಗಂಡಸಿನ ಮೇಲೆ ಕೈಮಾಡಿದವಳು ಕ್ಷಮೆ ಕೇಳಲಿ ಎಂದರು ಹಿರಿಯರು. “ತಮಾಷೆಗೆ ಅಂದಿದ್ದು ಕಣೇ, ತಪ್ಪಾಯ್ತು ಅಂದ್ಬಿಡು,” ಎಂದು ನಿಮ್ಮಪ್ಪ ಹೇಳಿದರು, ನಾನೂ ಹೇಳಿದೆ. ಅವಳು ಕ್ಷಮೆ ಕೇಳಲಿಲ್ಲ. ಸಂಬಂಧ ಮುರಿಯಿತು. ಲಿವರ್‌ಪೂಲ್‌ನಲ್ಲಿ ಮನೆಗೆಲಸ ಹಿಡಿದು ಹೊರಟಳು. ಗೇಟಿನ ಹತ್ತಿರ ನಾನು, “ಇಂಗ್ಲಿಷರ ಊರಿಗೇ ಹೊರಟ್ಯಾ? ಅಲ್ಲಿ ಎಲ್ರಿಗೂ ಅರ್ಥ ಗೊತ್ತಿರತ್ತೆ,” ಎಂದುಬಿಟ್ಟೆ. ಸಿಟ್ಟಿನಲ್ಲಿ ಬಂದ ಮಾತು. ಅವಳು ತಿರುಗಿ ನೋಡಲಿಲ್ಲ.

ನೀನು ಕೊರಗಬೇಡ. ಓದಿದವನು ಓದಿದ್ದನ್ನು ಬರೆಯುತ್ತಾನೆ, ನಿನ್ನದೇನು ತಪ್ಪು? ದೇವರು ನಿನ್ನ ಬುದ್ಧಿಯನ್ನು ಇನ್ನೂ ಬೆಳಗಲಿ.

ನಿನ್ನ ತಾಯಿ,
ಮಾರ್ಗೆಡ್

ಅಂಚೆಯವನು ಕಾಯುತ್ತಿದ್ದಾನೆ, ಒಂದೇ ಮಾತು. ಈಸ್ಟರ್‌ಗೆ ಮನೆಗೆ ಬರಲೇ ಎಂದು ಓಲ್ವೆನ್ ಬರೆದಿದ್ದಳು, ಮೊದಲ ಸಲ. ಅದೇ ವಾರ ನಿನ್ನ ಪ್ರೊಫೆಸರರು ನಮ್ಮ ಹಳೆಯ ಮಾತುಗಳನ್ನು ಬರೆದುಕೊಳ್ಳಲು ಬರುತ್ತಾರಲ್ಲ, ಖಾಲಿ ಇರುವುದೊಂದೇ ಕೋಣೆ. ಗೊರೊನ್ವಿಯ ಮದುವೆ ಅದೇ ವಾರ, ಬರಬೇಡ ಎಂದು ಅವಳಿಗೆ ಸುಳ್ಳು ಬರೆದು ಹಾಕಿದ್ದೇನೆ. ನೀನೂ ಹಾಗೆಯೇ ಹೇಳು. ಪ್ರೊಫೆಸರರು ಕುರಿಮಾಂಸ ತಿನ್ನುತ್ತಾರೆಯೇ, ತಿಳಿಸು.