ಅಂಚಿನಲ್ಲಿ ನಿಂತವರು

ಡೊಂಬಿವಲಿ (ಪೂರ್ವ)
ಶನಿವಾರ, ೧೭ ಜನವರಿ ೨೦೨೬

ಪ್ರೀತಿಯ ಅವ್ವಾ,

ಬೆಳಿಗ್ಗೆ ಗೋಡೆಯ ಫೋಟೊಗಳ ಧೂಳು ಒರೆಸುತ್ತಿದ್ದೆ. ಅಣ್ಣನ ಮದುವೆಯ ದೊಡ್ಡ ಫೋಟೊದ ಎಡತುದಿಯಲ್ಲಿ ನಿನ್ನ ಮೊಣಕೈ ಮತ್ತು ಒಂದಿಷ್ಟು ಸೆರಗು ಮಾತ್ರ ಇವೆ. ಇಷ್ಟು ವರ್ಷ ಅದರ ಕೆಳಗೇ ಕೂತು ಊಟ ಮಾಡಿದ್ದೇನೆ, ಕಂಡಿದ್ದು ಇವತ್ತು. ಇರಲಿ, ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು. ದೊಡ್ಡವ್ವ ಕೋಲು ಹಿಡಿದು ನಡೆಯುತ್ತಿದ್ದಾಳಂತೆ, ಅಣ್ಣ ಹೇಳಿದ. ಅವಳ ಮೊಣಕಾಲು ನೋಡಿಕೊಳ್ಳುವ ಗಡಿಬಿಡಿಯಲ್ಲಿ ನಿನ್ನ ಬಿ.ಪಿ. ಗುಳಿಗೆ ಮರೆಯಬೇಡ. ಈಗ ಬರೆಯುವ ಸಂಗತಿ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಉಲ್ಹಾಸನಗರದ ನಮ್ಮ ಸ್ಟುಡಿಯೊಗೆ ಬದಲಾಪುರದ ಒಂದು ಮದುವೆಯ ಆಲ್ಬಮ್ ಬಂದಿತ್ತು. ವೇದಿಕೆಯ ಪ್ರತಿ ಫೋಟೊದ ಎಡಕ್ಕೂ ಒಂದು ಲೈಟ್ ಸ್ಟ್ಯಾಂಡ್ ಅಡ್ಡ ನಿಂತಿತ್ತು. ಕ್ಯಾಮೆರಾ ಕದಲಿರಲಿಲ್ಲವಾದ್ದರಿಂದ, ಖಾಲಿ ವೇದಿಕೆಯ ಫೋಟೊವನ್ನು ಕೆಳಗಿಟ್ಟು, ಮೇಲಿನ ಫೋಟೊದ ಎಡತುದಿಗೆ ಮಾಸ್ಕ್ ಹಾಕಿದೆ. ಮಾಸ್ಕ್ ಅಂದರೆ ಆ ಭಾಗವನ್ನು ಮುಚ್ಚುವುದು. ಸ್ಟ್ಯಾಂಡ್ ಮಾಯವಾಯಿತು. ಅಷ್ಟೂ ಕೆಲಸವನ್ನು ಮ್ಯಾಕ್ರೊ ಆಗಿ ರೆಕಾರ್ಡ್ ಮಾಡಿ ಉಳಿದ ಫೋಟೊಗಳ ಮೇಲೆ ಓಡಿಸಿದೆ. ಒಮ್ಮೆ ಮಾಡಿ ತೋರಿಸಿದರೆ ಕಂಪ್ಯೂಟರ್ ತಾನೇ ಎಲ್ಲಕ್ಕೂ ಹಾಗೆಯೇ ಮಾಡುತ್ತದೆ. ಮೊದಲ ನಾಲ್ಕೈದು ನೋಡಿ ಬಿಟ್ಟೆ. ಮಾಲೀಕರಾದ ಜಯಶೀಲಣ್ಣ, ಕಾದಂಬರಿ ಓದಿದವಳಿಗೂ ತಲೆ ಓಡ್ತದೆ ಮಾರಾಯ್ತಿ ಎಂದರು. ನಾನು ಉಬ್ಬಿದೆ.

ನಿನ್ನೆ ಮದುಮಗಳ ತಾಯಿ ವಿಮಲಾ ಅವರು ಫೋಟೊ ನೋಡಲು ಬಂದರು. ಗದಗದ ಕಡೆಯವರೇ. ಗಂಡ ತೀರಿಹೋಗಿದ್ದಾರೆ. ಪರದೆಯ ಮೇಲೆ ಬಳಗದ ಫೋಟೊಗಳು ಒಂದೊಂದಾಗಿ ಸರಿದವು. ಅತ್ತೆಯರು, ಮಾವಂದಿರು, ಬೀಗರು, ಎಲ್ಲರೂ ಇದ್ದರು. ಅವರು ಮಾತ್ರ ಒಂದರಲ್ಲೂ ಇರಲಿಲ್ಲ. ಪ್ರತಿ ಸಲವೂ ಲೈಟ್ ಸ್ಟ್ಯಾಂಡಿನ ಪಕ್ಕಕ್ಕೇ, ಕೊನೆಗೇ ನಿಂತಿದ್ದರಂತೆ. ಅಪ್ಪ ಹೋದ ಮೇಲೆ ನೀನು ನಿಲ್ಲುತ್ತೀಯಲ್ಲ, ಹಾಗೆ. ನನ್ನ ಮ್ಯಾಕ್ರೊಗೆ ಸ್ಟ್ಯಾಂಡ್ ಯಾವುದು, ತಾಯಿ ಯಾರು ಎಂದು ಗೊತ್ತಿಲ್ಲ. ನನಗೆ ಗೊತ್ತಿರಬೇಕಿತ್ತು.

ಅವರು ಬೈದಿದ್ದರೆ ಚೆನ್ನಾಗಿತ್ತು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು: "ಚಲೋ ಆತು ಬಿಡವಾ. ಬೀಗರು ಹೇಳಿ ತಗಿಸಿರಬೇಕು. ಮಗಳು ಕೇಳಿದ್ರ, ನಾನ ತಗೀರಿ ಅಂದಿದ್ದೆ ಅಂತ ಹೇಳ್ತೀನಿ."

ಯಾರೂ ಹೇಳಿಲ್ಲ, ತಪ್ಪು ನನ್ನದು ಎಂಬಷ್ಟು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಜಯಶೀಲಣ್ಣ ಪಕ್ಕದಲ್ಲೇ ಇದ್ದರು. ಕೆಲಸ ಹೋದೀತೆಂಬ ಭಯ, ಜೊತೆಗೆ ನನ್ನ ಹಾಳು ಸಂಕೋಚ. ವಿಮಲಾ ಅವರು ಆಲ್ಬಮ್ ಸರಿ ಎಂದು ಸಹಿ ಮಾಡಿ, ನನ್ನ ಕೈಯಲ್ಲಿ ಎರಡು ಎಳ್ಳುಂಡೆ ಇಟ್ಟು ಹೋದರು. ಅವನ್ನು ಇನ್ನೂ ತಿಂದಿಲ್ಲ, ಅವ್ವಾ. ಸೋಮವಾರ ಆಲ್ಬಮ್ ಮುದ್ರಣಕ್ಕೆ ಹೋಗುತ್ತದೆ.

ಒಂದೇ ಸಮಾಧಾನವೆಂದರೆ ಮಾಸ್ಕ್ ಯಾರನ್ನೂ ಅಳಿಸುವುದಿಲ್ಲ. ಇವತ್ತು ಎಲ್ಲರೂ ಊಟಕ್ಕೆ ಹೋದಾಗ ಒಂದೊಂದೇ ಫೋಟೊ ತೆಗೆದು, ಕೈಯಿಂದಲೇ ಮಾಸ್ಕ್ ಸರಿಸಿದೆ. ಮೊದಲು ಭುಜ, ಆಮೇಲೆ ಮುಖ. ಎಲ್ಲದರಲ್ಲೂ ಅವರು ಕ್ಯಾಮೆರಾ ಬಿಟ್ಟು ಮಗಳನ್ನೇ ನೋಡುತ್ತಿದ್ದಾರೆ.

ದೊಡ್ಡವ್ವನಿಗೆ ನನ್ನ ನಮಸ್ಕಾರ ಹೇಳು. ಅತ್ತಿಗೆ ಕೇಳಿದ್ದಾಳೆ, ಬರುವಾಗ ಕೆಂಪು ಖಾರದಪುಡಿ ತಾ.

ನಿನ್ನ
ಚನ್ನು

ತಾ.ಕ.: ಈಗಷ್ಟೇ ಜಯಶೀಲಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿ, ಮುದ್ರಣ ನಿಲ್ಲಿಸಿದೆ. ನಾಳೆ ಬದಲಾಪುರಕ್ಕೆ ಹೋಗಿ ವಿಮಲಾ ಅವರ ಮುಂದೆ, ಅವರ ಮಗಳ ಮುಂದೆಯೂ ಹೇಳುತ್ತೇನೆ. ಇನ್ನೊಂದು ಮಾತು. ಮುಂದಿನ ತಿಂಗಳು ನಮ್ಮ ತಂಗಿ ಸೌಭಾಗ್ಯಳ ನಿಶ್ಚಯದ ದಿನ ನೀನು ಅವಳ ಮಗ್ಗುಲಲ್ಲೇ ನಿಲ್ಲಬೇಕು. ತುದಿಯಲ್ಲಿ ನಾನು ನಿಲ್ಲುತ್ತೇನೆ.