ಬಾಯಿ ಮುಚ್ಚದ ಪೈಪು

ಜನವರಿ ೬, ಸೋಮವಾರ
ಬಾಯ್ಲರ್ ಹಚ್ಚಿದೆ. ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್‌ಗಳಲ್ಲಿ ಕೆಳಗಿನವು ಬೆಚ್ಚಗೆ. ಮೇಲಿನವು ಹೆಣದ ಹಾಗೆ. ಅತ್ತೆಯ ಕೋಣೆಯ ಸೂರಿನಲ್ಲಿ ಒದ್ದೆ ಕಲೆ — ನಿನ್ನೆ ತಟ್ಟೆಯಷ್ಟಿತ್ತು, ಇವತ್ತು ಮೊರದಷ್ಟು. ಅಟ್ಟ ಹತ್ತಿದೆ. ಅಲ್ಲಿರುವ ಪುಟ್ಟ ನೀರಿನ ತೊಟ್ಟಿಯ ಮೇಲೆ ಬಾಗಿರುವ ಗಾಳಿ ಪೈಪಿನಿಂದ ಬಿಸಿನೀರು ಧೋ ಎಂದು ಸುರಿಯುತ್ತಿದೆ! ಸುಮ್ಮನಿರಬೇಕಾದ ಪೈಪು. ಎಲ್ಲೆಲ್ಲೂ ಹಬೆ.
ಪ್ಲಂಬರ್ ಬಂದ. ಇಣುಕಿದ. "ಎಲ್ಲಾ ಕಿತ್ತು ಹೊಸದು ಹಾಕ್ಬೇಕಮ್ಮಾ."
ಕಳಿಸಿಬಿಟ್ಟೆ.

ಜನವರಿ ೭
ಗಂಡ ಐವರ್‌ನ ಫೋನ್. ನನ್ನನ್ನು ಬಿಟ್ಟು ಕಾರ್ಡಿಫ್‌ನಲ್ಲಿ ಬೇರೆ ಸಂಸಾರ ಹೂಡಿದ. ಅವನ ಅಮ್ಮ ಮಾತ್ರ ನನ್ನ ಜೊತೆಗೇ ಉಳಿದರು. ಅದೇ ಅವನಿಗೆ ಉರಿ.
"ಅಮ್ಮನ್ನ ಚಳೀಲಿ ಸಾಯಿಸ್ತೀಯಾ? ಶನಿವಾರ ಬಂದು ಕರ್ಕೊಂಡ್ಹೋಗ್ತೀನಿ. ಮನೆ ಮಾರೋಣ."
ಅತ್ತೆ ಫೋನ್ ಕಿತ್ತುಕೊಂಡರು. "ಎತ್ಕೊಂಡ್ಹೋಗೋಕೆ ನಾನೇನು ಸೋಫಾನೇನೋ?"

ಜನವರಿ ೯
ಬಿಸಿನೀರು ಮೇಲೆ ತಳ್ಳುವ ಪಂಪಿನ ವೇಗ ಇಳಿಸಿದೆ. ಸುರಿಯುವುದು ನಿಂತಿತು. ಕುಣಿದೆ. ಆದರೆ ಸಂಜೆಯಾದರೂ ಮೇಲಿನ ಕೋಣೆಗಳು ಮಂಜುಗಡ್ಡೆಯೇ... ಅಂದರೆ ತಪ್ಪು ಪಂಪಿನದಲ್ಲ. ಎಲ್ಲೋ ದಾರಿ ಕಟ್ಟಿದೆ. ಮುಂದೆ ಹೋಗಲಾಗದ ನೀರು ಗಾಳಿ ಪೈಪು ಹತ್ತಿ ಹೊರಬರುತ್ತಿದೆ.
ಫ್ರಿಜ್ ಮೇಲಿನ ಆಯಸ್ಕಾಂತ ತಂದೆ. ಪೈಪುಗಳೆಲ್ಲ ತಾಮ್ರದವು, ತಾಮ್ರಕ್ಕೆ ಅದು ಅಂಟಬಾರದು. ತೊಟ್ಟಿಯ ತಣ್ಣೀರಿನ ಪೈಪು ಬಂದು ಬಿಸಿನೀರಿನ ಪೈಪಿಗೆ ಸೇರುವಲ್ಲಿ — ಟಕ್! ಗಟ್ಟಿಯಾಗಿ ಹಿಡಿಯಿತು. ಒಳಗೆ ತುಕ್ಕಿನ ಕೆಸರು. ಸಿಕ್ಕಿಬಿದ್ದೆಯಾ ಮಗನೇ!

ಜನವರಿ ೧೧, ಶನಿವಾರ
ಐವರ್ ಬಂದ. ಕೈಯಲ್ಲಿ ಒಂದು ರಬ್ಬರ್ ಬಿರಡೆ.
"ಪೈಪಿನ ಬಾಯಿ ಮುಚ್ಚಿದ್ರೆ ಮುಗೀತಲ್ಲ."
"ಬಾಯ್ಲರ್ ಮಿತಿಮೀರಿ ಕುದಿದ್ರೆ ಹಬೆ ಹೋಗೋಕೆ ಇರೋದು ಅದೊಂದೇ ದಾರಿ. ಮುಚ್ಚಿದ್ರೆ ಸಿಡಿಯುತ್ತೆ."
"ಓಹೋ, ಇಂಜಿನಿಯರಮ್ಮ!" ಎನ್ನುತ್ತ ಏಣಿಯ ಮೇಲೆ ಕಾಲಿಟ್ಟ.
ಅತ್ತೆ ಅವನ ಪ್ಯಾಂಟು ಹಿಡಿದು ಜಗ್ಗಿದರು. "ಇಳಿಯೋ! ಈ ಮನೇಲಿ ಬಾಯಿ ಮುಚ್ಚಿಸೋ ಕಾಲ ನಿಮ್ಮಪ್ಪನ ಜೊತೇನೇ ಮಣ್ಣಾಯ್ತು."
ಮುಖ ಕೆಂಪಾಯಿತು ಅವನಿಗೆ. ಹೋಗುವಾಗ ಅಂದ — "ನಾಳೆ ಸಂಜೆ ಬರ್ತೀನಮ್ಮ. ನಿನ್ನ ಕೋಣೆ ತಣ್ಣಗಿದ್ರೆ ಗಂಟುಮೂಟೆ ಕಟ್ಟು."
ಆಯಿತು. ನೋಡೇಬಿಡೋಣ.

ಜನವರಿ ೧೨
ಬಾಯ್ಲರ್ ಆರಿಸಿದೆ. ನೀರೆಲ್ಲ ಮೋರಿಗೆ ಬಿಟ್ಟೆ — ಕಾಡಿಗೆ ಕದಡಿದ ಹಾಗೆ. ಆಯಸ್ಕಾಂತ ಹಿಡಿದ ಕಡೆ ಪೈಪು ಕತ್ತರಿಸಿದೆ. ಒಳಗೆ ಕಪ್ಪು ಗಡ್ಡೆ, ಪೆನ್ಸಿಲ್ ತೂರದು. ಹೊಸ ತುಂಡು ಸೇರಿಸಿದೆ. ಸೋರಿತು. ಬಿಗಿದೆ. ಮತ್ತೆ ಸೋರಿತು. ಏಣಿಯ ಮೇಲೇ ಅತ್ತುಬಿಟ್ಟೆ.
"ಅಳ್ತಿದೀಯೇನೇ?" ಕೆಳಗಿನಿಂದ ಅತ್ತೆ ಕೇಳಿದರು.
"ನೀರು ಸಿಡಿದಿದೆ."
"ಸರಿ, ಒರೆಸ್ಕೊಂಡು ಇನ್ನೊಂದು ಸಲ ಬಿಗಿ."
ನಿಂತಿತು. ನೀರು ತುಂಬಿಸಿ, ರೇಡಿಯೇಟರ್‌ಗಳ ಗಾಳಿ ಬಿಟ್ಟು, ಬಾಯ್ಲರ್ ಹಚ್ಚಿದೆ. ಗಾಳಿ ಪೈಪಿನಿಂದ ಒಂದು ಹನಿಯೂ ಇಲ್ಲ.
ಐವರ್ ಬಂದವನೇ ಮೇಲೆ ಹೋಗಿ ರೇಡಿಯೇಟರ್ ಮುಟ್ಟಿದ. ಚಟ್ಟನೆ ಕೈ ಕೊಡವಿದ.
"ಸುಟ್ಟಿತಾ ಕಂದಾ?" ಅಂದರು ಅತ್ತೆ.

ಜನವರಿ ೧೩
ಐವರ್ ಮೆಸೇಜ್: ಮನೆ ವಿಷಯ ಕೋರ್ಟಿನಲ್ಲಿ ನೋಡ್ಕೋತೀನಿ. ನೋಡಿಕೊಳ್ಳಲಿ. ನಾನೂ ಇಲ್ಲೇ ಇರುತ್ತೇನೆ.
ಅತ್ತೆ ಕೆಳಗಿನಿಂದ ಕೂಗುತ್ತಿದ್ದಾರೆ. "ನೆರಿಸ್! ಪಕ್ಕದ ಮನೆ ಮೇವಿಸ್ ಬಂದಿದಾಳೆ. ಅವರ ಅಟ್ಟದಲ್ಲೂ ಸುರೀತಿದೆಯಂತೆ. ನನ್ನ ಸೊಸೆ ಈಗ್ಲೇ ಬರ್ತಾಳೆ ಅಂದ್ಬಿಟ್ಟೆ!"
ಸ್ಪ್ಯಾನರ್ ಎಲ್ಲಿ—